ಮೀರುವುದೂ ಮೀರಿಸುವುದೂ

ಹಿಂದಿನ ವಾರ ಜಿಗಣಿಯಿಂದ ನಮ್ಮ ವಾಚಕರೊಬ್ಬರು ಬರೆದ ಕಾಗದವು ನಮ್ಮ ಕೈಸೇರಿತು. ಅವರು ಅಲ್ಲಿಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿರುವವರು. ಕಾರ್ಖಾನೆಯ ಆಡಳಿತದವರು ಕೆಲಸಗಾರರನ್ನು ಹುರಿದುಂಬಿಸಬೇಕೆಂಬ ಸದುದ್ದೇಶದಿಂದ ಗೋಡೆಯ ಮೇಲೆ ಇಂಗ್ಲೀಷಿನಲ್ಲಿ ಒಂದು ವಾಕ್ಯವನ್ನು ಬರೆಯಿಸಿ, ಅದರ ಕೆಳಗೆ ಕನ್ನಡದಲ್ಲಿಯೂ ಬರೆಯಿಸಿದರಂತೆ. ಇಂಗ್ಲೀಷಿನಲ್ಲಿದ್ದ ಕ್ರಿಯಾಪದವು 'ಔಟ್‌ಡೂ' ಎಂಬುದು. ನಿಮಗಿಂತ ಮುಂಚೆ ಈ ಕೆಲಸವನ್ನು ಮಾಡಿದವರಿಗಿಂತ ನೀವು ಇನ್ನೂ ಚೆನ್ನಾಗಿ ಮಾಡಿರಿ ಎಂಬುದು ವಾಕ್ಯದ ತಾತ್ಪರ್ಯ. ಕನ್ನಡದಲ್ಲಿ ಮೂಡಿ ನಿಂತುದು ಮಾತ್ರ 'ನಿಮ್ಮ ಹಿರಿಯರನ್ನು ಮೀರಿ' ಎಂಬುದಾಗಿ. ಅದನ್ನು ಓದಿದ ಹಿರಿಯ ಕೆಲಸಗಾರನೊಬ್ಬನು, "ಏನ್ ಸ್ವಾಮಿ, ಹಿರಿಯರ ಮಾತು ಮೀರಬ್ಯಾಡ ಅಂತ ನಮ್ಮಪ್ಪ ಹೊಡೆದು ಹೇಳಿಕೊಟ್ಟಿದ್ದ. ಇವರು ಮೀರಿ ಅಂತ ಗೋಡೆ ಮ್ಯಾಲೇ ಬರೆಸವ್ರಲ್ಲ!" ಎಂದನಂತೆ. ತಪ್ಪು ಇಂಗ್ಲೀಷಿನದೋ, ಕನ್ನಡದ್ದೋ, ಬರೆದವನದೋ ತಿಳಿಸಬೇಕೆಂದು ನಮ್ಮ ವಾಚಕರು ಕೇಳಿದ್ದಾರೆ.

ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಕಚೇರಿಯ ಸುತ್ತೋಲೆಗಳಲ್ಲಿಯೂ, ಪತ್ರಿಕೆಗಳ ತಲೆಬರೆಹಗಳಲ್ಲಿಯೂ, ಶಾಲೆಗಳ ಬಹುಮಾನದ ಸಮಾರಂಭಗಳಲ್ಲಿಯೂ ದಿನವೂ ಕೇಳಿಬರುತ್ತಿರುವ ಕ್ರಿಯಾಪದವಿದು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಮಕ್ಕಳ ಕಿವಿಯಲ್ಲಿ ನಾವು ಹಗಲಿರುಳೂ ಊದುತ್ತಿರುವ ಮಂತ್ರವಿದು. ಇದನ್ನು ಕನ್ನಡಕ್ಕೆ ಹೇಗೆ ತಂದುಕೊಳ್ಳುತ್ತೇವೆಂಬುದರಲ್ಲಿ, ಏಳಿಗೆಯೆಂದು ನಾವು ಯಾವುದನ್ನು ತಿಳಿದಿದ್ದೇವೆಂಬುದೂ ಅಡಗಿದೆ. ಆದುದರಿಂದ ಈ ವಿಷಯವನ್ನು ತುಸು ವಿಸ್ತರಿಸಿ ಬರೆಯುವುದು ಅನುಚಿತವಾಗಲಾರದೆಂದು ನಂಬಿದ್ದೇವೆ.

ಮೊದಲು ಇಂಗ್ಲೀಷ್ ಪದವನ್ನೇ ನೋಡೋಣ. 'ಔಟ್' ಎಂದರೆ ಹೊರಗೆ. 'ಡೂ' ಎಂದರೆ ಮಾಡು. ಎರಡು ಸೇರಿದಾಗ 'ಹೊರಗೆ ಮಾಡು' ಎಂದಾಗಬೇಕಷ್ಟೆ? ಹದಿನಾಲ್ಕನೆಯ ಶತಮಾನದ ಇಂಗ್ಲೀಷಿನಲ್ಲಿ ಈ ಪದಕ್ಕೆ ಹೊರಗೆ ಹಾಕು, ಹೊರಗಿಡು ಎಂಬ ಅರ್ಥವೇ ಇದ್ದಿತು. ೧೬೦೦ರ ಆಸುಪಾಸಿನಲ್ಲಿ ಅದು ಮತ್ತೊಬ್ಬನಿಗಿಂತ ಮಿಗಿಲಾಗಿ ಮಾಡು ಎಂಬ ಈಗಿನ ಅರ್ಥಕ್ಕೆ ತಿರುಗಿತು. ಸಾಲಿನಿಂದ ಹೊರಗೆ ದೂಡುವುದೂ, ಸಾಲಿನಲ್ಲಿ ಮುಂದಕ್ಕೆ ಹೋಗುವುದೂ ಆ ಜನರ ಮನಸ್ಸಿನಲ್ಲಿ ಒಂದಕ್ಕೊಂದು ಅಂಟಿಕೊಂಡುವೆಂದು ಇದರಿಂದ ಊಹಿಸಬಹುದು.

ಇದು ಸಕರ್ಮಕ ಕ್ರಿಯಾಪದ. ಇದಕ್ಕೆ ಕರ್ಮವಾಗಿ ಒಬ್ಬ ಎದುರಾಳಿಯು ಬೇಕೇ ಬೇಕು. ರಾಮನು ಚೆನ್ನಾಗಿ ಹಾಡಿದನು ಎನ್ನುವುದಕ್ಕೆ ಮತ್ತೊಬ್ಬ ಹಾಡುಗಾರನ ಅವಶ್ಯಕತೆಯಿಲ್ಲ. ರಾಮನು 'ಔಟ್‌ಡೂ' ಮಾಡಿದನೆನ್ನಬೇಕಾದರೆ ಸೋಮನೊಬ್ಬನು ಪಕ್ಕದಲ್ಲಿ ಸೋತು ಕುಳಿತಿರಬೇಕು. ಭೂತಕಾಲದಲ್ಲಿ ಇದರ ರೂಪ 'ಔಟ್‌ಡಿಡ್', ಕೃದಂತದಲ್ಲಿ 'ಔಟ್‌ಡನ್'. ನಮ್ಮ ಹುಡುಗರು ಅವಸರದಲ್ಲಿ ಬರೆಯುವ 'ಔಟ್‌ಡೂಡ್' ಎಂಬ ರೂಪವು ಎಲ್ಲಿಯೂ ಇಲ್ಲ.

ಈ ಪದದ ಬಳಕೆಗಳು ಮುಖ್ಯವಾಗಿ ಮೂರು. ಮೊದಲನೆಯದು, ಇಂಥವನನ್ನು ಇಂಥ ವಿಷಯದಲ್ಲಿ ಎಂಬುದು. ಕನ್ನಡದಲ್ಲಿ ಇದನ್ನು 'ಜಾಣತನದಲ್ಲಿ ಅಣ್ಣನನ್ನು ಮೀರಿಸಿದನು' ಎಂದಾಗಲಿ, 'ಜಾಣತನದಲ್ಲಿ ಅಣ್ಣನಿಗಿಂತ ಒಂದು ಕೈ ಮೇಲು' ಎಂದಾಗಲಿ ಸೊಗಸಾಗಿ ಹೇಳಬಹುದು. ಎರಡನೆಯದು, ಎದುರಾಳಿಯ ಸ್ಥಾನದಲ್ಲಿ ತನ್ನನ್ನೇ ಇಟ್ಟುಕೊಳ್ಳುವುದು. ತಾನು ಈವರೆಗೆ ಮಾಡಿದುದಕ್ಕಿಂತ ಉತ್ತಮವಾಗಿ ಮಾಡುವುದು. ಇದಕ್ಕೆ 'ತನ್ನನ್ನು ತಾನೇ ಮೀರಿಸಿಕೊಂಡನು' ಎನ್ನಬಹುದು. ಮೂರನೆಯದು ನಿಷೇಧರೂಪದ ನುಡಿಗಟ್ಟು. ನೆರೆಯವನು ಏನನ್ನೋ ಮಾಡಿದನೆಂದು ತಾನೂ ಅದಕ್ಕಿಂತ ದೊಡ್ಡದನ್ನು ಮಾಡಹೊರಟವನ ವಿಷಯದಲ್ಲಿ ಇಂಗ್ಲೀಷಿನವರು ಇದನ್ನು ಹೇಳುತ್ತಾರೆ. ಭಾಷಾಂತರಕಾರರು ಇಲ್ಲಿಗೆ ಬಂದು 'ಮೀರಿಸಲ್ಪಡಬಾರದೆಂದು' ಎಂದು ಬರೆದು ಓದುಗರನ್ನು ಹಿಂಸೆಗೀಡುಮಾಡುವುದನ್ನು ನಾವು ಕಂಡಿದ್ದೇವೆ. ಹಳ್ಳಿಯ ಹೆಂಗಸರ ಬಾಯಲ್ಲಿ ಇದಕ್ಕೆ ಸಮನಾದ ಮಾತು ಸಿದ್ಧವಾಗಿದೆ: 'ನಾನೇನು ಕಡಿಮೆ ಎಂದು'. ಪಕ್ಕದ ಮನೆಯವರು ಮಗಳ ಮದುವೆಗೆ ಐನೂರು ಎಲೆ ಹಾಕಿಸಿದರೆ, ನಾನೇನು ಕಡಿಮೆಯೆಂದು ಇವರು ಸಾಲ ಮಾಡಿ ಸಾವಿರ ಎಲೆ ಹಾಕಿಸಿದರು. ಇದಕ್ಕಿಂತ ಸರಿಯಾದ ಭಾಷಾಂತರವು ಯಾವ ಕೋಶದಲ್ಲಿಯೂ ದೊರೆಯಲಾರದು.

'ಔಟ್' ಎಂಬ ಈ ಪೂರ್ವಪದವನ್ನು ಇಂಗ್ಲೀಷಿನವರು ಯಾವ ಕ್ರಿಯೆಯ ಬೆನ್ನಿಗಾದರೂ ಹಚ್ಚಬಲ್ಲರು. ಓಡು ಎಂಬುದಕ್ಕೆ ಹಚ್ಚಿದರೆ ಓಟದಲ್ಲಿ ಹಿಂದಿಕ್ಕು ಎಂದಾಗುವುದು. ಹೊಳೆ ಎಂಬುದಕ್ಕೆ ಹಚ್ಚಿದರೆ ಮತ್ತೊಬ್ಬನ ಕಾಂತಿಯನ್ನು ಮಂಕುಗೊಳಿಸು ಎಂದಾಗುವುದು. ಬುದ್ಧಿಯಿಂದ ಸೋಲಿಸುವುದಕ್ಕೂ ಅದೇ ಪೂರ್ವಪದ. ನಾವಾದರೋ ಇಲ್ಲಿ, ಅವನು ಚಾಪೆಯ ಕೆಳಗೆ ತೂರಿದರೆ ಇವನು ರಂಗೋಲಿಯ ಕೆಳಗೆ ತೂರಿದನು ಎನ್ನುತ್ತೇವೆ. ಇಂಗ್ಲೀಷಿಗೆ ಒಂದು ಅಚ್ಚು. ಕನ್ನಡಕ್ಕೆ ಕೆಲಸಕ್ಕೊಂದು ಉಳಿ. ಇದು ನಮ್ಮ ಭಾಷೆಯ ಕೊರತೆಯೆಂದು ಕೆಲವರು ತಿಳಿದಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ.

ಒಂದು ನಿದರ್ಶನವನ್ನು ನೋಡಿ. ಬದುಕು ಎಂಬುದಕ್ಕೆ 'ಔಟ್' ಸೇರಿಸಿ, ಒಬ್ಬರಿಗಿಂತ ಹೆಚ್ಚು ಕಾಲ ಬದುಕುವುದನ್ನು ಇಂಗ್ಲೀಷಿನಲ್ಲಿ ಒಂದೇ ಪದದಲ್ಲಿ ಹೇಳುತ್ತಾರೆ. ಎಂಬತ್ತು ವರ್ಷದ ತಾಯಿಯೊಬ್ಬಳು ತನ್ನ ಮಗನು ಸತ್ತ ಮೇಲೂ ಬದುಕಿದ್ದರೆ, ಅಲ್ಲಿಯೂ ಅದೇ ಪದ. ಓಟದಲ್ಲಿ ಗೆದ್ದವನಿಗೂ ಈ ತಾಯಿಗೂ ಒಂದೇ ಪೂರ್ವಪದವನ್ನು ತೊಡಿಸಲು ಕನ್ನಡದ ನಾಲಗೆಯು ಒಪ್ಪುವುದಿಲ್ಲ. 'ಮಗನನ್ನು ಕಳೆದುಕೊಂಡೂ ಜೀವ ಹಿಡಿದಿದ್ದಾಳೆ' ಎಂದು ನಾವು ಹೇಳುತ್ತೇವೆ. ಇಲ್ಲಿ ಸ್ಪರ್ಧೆಯೇ ಇಲ್ಲವೆಂಬುದನ್ನು ನಮ್ಮ ಭಾಷೆಯು ಬಲ್ಲದು.

ಅಧಿಕಾರಿವರ್ಗದ ವಾಚಕರಿಗೆ ಇನ್ನೊಂದು ನಿದರ್ಶನವು ಉಪಯೋಗವಾಗಬಹುದು. ಹರಾಜಿನಲ್ಲಿ ಮತ್ತೊಬ್ಬನಿಗಿಂತ ಹೆಚ್ಚಿನ ಬೆಲೆ ಕೂಗುವುದಕ್ಕೆ 'ಔಟ್‌ಬಿಡ್' ಎನ್ನುತ್ತಾರೆ. ಆದರೆ ಸರ್ಕಾರಿ ಕಾಮಗಾರಿಯ ಟೆಂಡರಿನಲ್ಲಿ ಗೆಲ್ಲುವವನು ಸಾಮಾನ್ಯವಾಗಿ ಕಡಿಮೆ ದರ ಬರೆದವನು. ಅವನ ವಿಷಯದಲ್ಲಿಯೂ ಅದೇ ಪದವನ್ನು ಬಳಸುವವರುಂಟು. ಕನ್ನಡದ ಟಿಪ್ಪಣಿಯಲ್ಲಿ ಎರಡಕ್ಕೂ 'ಪ್ರತಿಸ್ಪರ್ಧಿಯನ್ನು ಮೀರಿದನು' ಎಂದು ಬರೆದರೆ, ಓದುವವನು ಮೇಲೆ ನೋಡಬೇಕೋ ಕೆಳಗೆ ನೋಡಬೇಕೋ ತಿಳಿಯದು. 'ಹೆಚ್ಚು ಕೂಗಿ ಪಡೆದನು', 'ಕಡಿಮೆ ದರ ಬರೆದು ಪಡೆದನು' ಎಂದರೆ ಸಂಶಯಕ್ಕೆ ಆಸ್ಪದವಿಲ್ಲ.

ಈಗ ಜಿಗಣಿಯ ಗೋಡೆಯ ಬರೆಹಕ್ಕೆ ಬರೋಣ. 'ಮೀರು' ಎಂಬುದು ಹಳೆಯ ಪದ; ಹಿಂದೆ ಇದನ್ನು ಶಕಟರೇಫದಿಂದ 'ಮೀಱು' ಎಂದು ಬರೆಯುತ್ತಿದ್ದರು. ತಮಿಳಿನಲ್ಲಿಯೂ ತೆಲುಗಿನಲ್ಲಿಯೂ ಇದರ ಒಡಹುಟ್ಟುಗಳಿವೆ. ಹೆಚ್ಚಾಗು ಎಂಬುದೂ ಮೇರೆ ದಾಟು ಎಂಬುದೂ ಈ ಒಂದೇ ಪದದಲ್ಲಿ ಕೂಡಿಕೊಂಡಿವೆ. ಬೆಲೆ ನೂರು ರೂಪಾಯಿ ಮೀರಿತು, ವಯಸ್ಸು ಅರುವತ್ತು ಮೀರಿತು ಎಂಬಲ್ಲಿ ಗುಣವೂ ಇಲ್ಲ, ದೋಷವೂ ಇಲ್ಲ. ಮಾತು ಮೀರಿದನು, ಹದ್ದು ಮೀರಿದನು, ಸಂಗತಿಯು ಕೈ ಮೀರಿತು ಎಂಬಲ್ಲೆಲ್ಲ ದೋಷವೇ ಮುಖ್ಯ. 'ಅವನನ್ನು ಮೀರಿದವರಿಲ್ಲ' ಎಂದು ಹೊಗಳುವುದೂ ಉಂಟು. ಆದರೆ ತಂದೆ, ಗುರು, ಹಿರಿಯ ಎಂಬ ಪದಗಳ ಜತೆಯಲ್ಲಿ 'ಮೀರು' ಬಂದೊಡನೆ ಕನ್ನಡಿಗನ ಕಿವಿಗೆ ಮೊದಲು ಕೇಳಿಸುವುದು ಅವಿಧೇಯತೆಯೇ.

ಹೊಗಳಿಕೆಗೆಂದು ನಮ್ಮ ಜನರು ಬೇರೊಂದು ರೂಪವನ್ನು ಇಟ್ಟುಕೊಂಡಿದ್ದಾರೆ. ಅದು 'ಮೀರಿಸು'. ಗುರುವನ್ನು ಮೀರಿಸಿದ ಶಿಷ್ಯ, ಅಜ್ಜನನ್ನು ಮೀರಿಸಿದ ಮೊಮ್ಮಗ. ಇದರಲ್ಲೊಂದು ಸ್ವಾರಸ್ಯವುಂಟು. ಮಾಡು, ಮಾಡಿಸು, ಓದು, ಓದಿಸು, ಇವುಗಳ ಕ್ರಮದಲ್ಲಿ ನೋಡಿದರೆ 'ಮೀರಿಸು' ಎಂಬುದು ಪ್ರೇರಣಾರ್ಥಕ, ಮತ್ತೊಬ್ಬನು ಮೀರುವಂತೆ ಮಾಡು ಎಂದು ಅರ್ಥವಾಗಬೇಕು. ರೂಢಿಯಲ್ಲಿ ಹಾಗಿಲ್ಲ, ಯೋಗ್ಯತೆಯಿಂದ ಮಿಗಿಲಾಗು ಎಂಬುದೇ ಅದರ ಅರ್ಥ. ವ್ಯಾಕರಣದ ಸೂತ್ರಕ್ಕೆ ಸಿಕ್ಕದ ಈ ಭೇದವನ್ನು ಕನ್ನಡನಾಡಿನ ತಾಯಂದಿರು ಮಕ್ಕಳಿಗೆ ತೊಟ್ಟಿಲಲ್ಲೇ ಕಲಿಸುತ್ತಾರೆ. ಪರಭಾಷೆಯಿಂದ ಆತುರದಲ್ಲಿ ಇಳಿಸುವವರು ಇದನ್ನು ಮರೆಯುತ್ತಾರೆ.

ನಾವೂ ಮರೆತದ್ದುಂಟೆಂದು ಒಪ್ಪಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಕೆಳಗೆ, ಪರೀಕ್ಷೆಯಲ್ಲಿ ಹೆಚ್ಚಿನ ಅಂಕಗಳನ್ನು ಪಡೆದ ಉಪಾಧ್ಯಾಯರ ಮಗನೊಬ್ಬನ ಸುದ್ದಿಗೆ ನಮ್ಮ ಪತ್ರಿಕೆಯಲ್ಲಿ 'ತಂದೆಯನ್ನು ಮೀರಿದ ಮಗ' ಎಂದು ತಲೆಬರೆಹ ಕೊಟ್ಟಿದ್ದೆವು. ಮರುದಿನ ಆ ಉಪಾಧ್ಯಾಯರು ಕಚೇರಿಗೆ ಬಂದು, "ನನ್ನ ಮಗ ನನ್ನ ಮಾತು ಮೀರಿದವನಲ್ಲ ಸ್ವಾಮಿ; ಬಂಧುಗಳೆಲ್ಲ ಏನಾಯಿತೆಂದು ಕೇಳುತ್ತಿದ್ದಾರೆ" ಎಂದು ನೊಂದು ನುಡಿದರು. ಒಂದು ಅಕ್ಷರದ ಲೋಪ. ಒಂದು ಮನೆಯ ಸಂತೋಷಕ್ಕೆ ಅದರಿಂದ ಕುಂದುಂಟಾಯಿತು. ಅಂದಿನಿಂದ ನಮ್ಮ ಕಚೇರಿಯಲ್ಲಿ ಈ ಎರಡು ರೂಪಗಳ ವಿಷಯದಲ್ಲಿ ಎಚ್ಚರಿಕೆಯಿದೆ.

ಕೋಶಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ರೀವ್ ಪಾದ್ರಿಯವರ ಇಂಗ್ಲೀಷ್-ಕನ್ನಡ ನಿಘಂಟು ೧೮೨೪ರಲ್ಲಿಯೇ ಹೊರಬಂದಿತು. ಕಿಟ್ಟೆಲ್ ಅವರ ಮಹಾಕೋಶವು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲೀಷ್-ಕನ್ನಡ ನಿಘಂಟು ೧೯೪೬ರಲ್ಲಿ ಪ್ರಕಟವಾಯಿತು. ೨೦೨೧ರಲ್ಲಿ ತಮ್ಮ ನೂರೇಳನೆಯ ವಯಸ್ಸಿನಲ್ಲಿ ನಿಧನರಾದ ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣದಲ್ಲಿ ವಾಚಕರ ಇಂತಹ ಸಂದೇಹಗಳನ್ನು ವರ್ಷಗಟ್ಟಲೆ ಬಿಡಿಸಿದರು. ಕೋಶವು ಪದವನ್ನು ಕೊಡುತ್ತದೆ; ಯಾವ ಪದವನ್ನು ಯಾರ ಮುಂದೆ ಆಡಬೇಕೆಂಬುದನ್ನು ಆಡುವ ಜನರಿಂದಲೇ ಕಲಿಯಬೇಕು.

ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಉಪಸರ್ಗಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಅವುಗಳಲ್ಲಿ 'ಅತಿ' ಎಂಬುದೂ ಒಂದು. ಒಂದು ಧಾತುವಿನ ಜತೆಯಲ್ಲಿ ಅದು ಅತಿಶಯವಾಗುತ್ತದೆ, ಅದು ಹೊಗಳಿಕೆ. ಮತ್ತೊಂದರ ಜತೆಯಲ್ಲಿ ಅತಿಕ್ರಮವಾಗುತ್ತದೆ, ಅದು ಅಪರಾಧ. ಕಂದಾಯ ಇಲಾಖೆಯವರು ಕೆರೆಯ ಒತ್ತುವರಿಗೆ ಇಂದಿಗೂ ಆ ಎರಡನೆಯ ಪದವನ್ನೇ ಬರೆಯುತ್ತಾರೆ. ಸಂಸ್ಕೃತದವರೂ ಕನ್ನಡದವರೂ ಕಂಡುಕೊಂಡ ಸತ್ಯವು ಒಂದೇ: ಮೇಲಕ್ಕೆ ಹೋಗುವುದಕ್ಕೂ ಮೇರೆ ದಾಟುವುದಕ್ಕೂ ಹೊರಡುವ ಹೆಜ್ಜೆ ಒಂದೇ ಆಗಿರುವುದರಿಂದ, ಇಡುವಾಗ ನೋಡಿ ಇಡಬೇಕು.

ಇಂಗ್ಲೀಷಿನವರಿಗೂ ಇದು ತಿಳಿಯದುದೇನಲ್ಲ. ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕದಲ್ಲಿ ರಾಜಕುಮಾರನು ನಟರಿಗೆ ಬುದ್ಧಿ ಹೇಳುವ ಒಂದು ಪ್ರಸಂಗವಿದೆ. ಅರಚಾಟದಿಂದ ನಟನೆಯನ್ನು ಕೆಡಿಸುವವರನ್ನು ಖಂಡಿಸುತ್ತಾ, ಹಳೆಯ ನಾಟಕಗಳಲ್ಲಿ ಅಬ್ಬರಿಸುತ್ತಿದ್ದ ಹೆರೋದ ರಾಜನ ಹೆಸರಿಗೇ 'ಔಟ್' ಎಂಬುದನ್ನು ಹಚ್ಚಿ ಕವಿಯು ಕ್ರಿಯಾಪದವೊಂದನ್ನು ಸೃಷ್ಟಿಸಿದನು. ಹೆರೋದನನ್ನೂ ಅರಚಾಟದಲ್ಲಿ ಮೀರಿಸುವುದು ಎಂದು ಅದರ ಅರ್ಥ. ಅಲ್ಲಿ ಅದು ಎಚ್ಚರಿಕೆಯ ಮಾತು, ಪ್ರಶಂಸೆಯಲ್ಲ.

ರಾಜನ ಹೆಸರು ಕ್ರಿಯಾಪದವಾದಂತೆ ನಮ್ಮ ರಾಜಧಾನಿಯ ಹೆಸರೂ ಒಮ್ಮೆ ಇಂಗ್ಲೀಷಿನಲ್ಲಿ ಕ್ರಿಯಾಪದವಾಯಿತೆಂಬುದನ್ನು ಹಲವು ವಾಚಕರು ಮರೆತಿರಬಹುದು. ೨೦೦೪ರ ಸುಮಾರಿಗೆ ಅಮೆರಿಕದಲ್ಲಿ 'ಬ್ಯಾಂಗಲೋರ್ಡ್' ಎಂಬ ಪದವು ಬಳಕೆಗೆ ಬಂದಿತು. ಕಂಪೆನಿಯು ಕೆಲಸವನ್ನು ಬೆಂಗಳೂರಿಗೆ ಸಾಗಿಸಿದ್ದರಿಂದ ಅಲ್ಲಿ ಕೆಲಸ ಕಳೆದುಕೊಂಡವನನ್ನು ಹಾಗೆ ಕರೆಯುತ್ತಿದ್ದರು. ಅಂಗಿಗಳ ಮೇಲೆ ಅದನ್ನು ಅಚ್ಚುಹಾಕಿ ಮಾರಿದರು. ೨೦೦೯ರ ಮೇ ತಿಂಗಳಲ್ಲಿ ಅಧ್ಯಕ್ಷ ಒಬಾಮಾ ಅವರು ತೆರಿಗೆಯ ವಿಷಯವಾಗಿ ಮಾತನಾಡುತ್ತಾ, ನ್ಯೂಯಾರ್ಕ್ ರಾಜ್ಯದ ಬಫೆಲೋ ಪಟ್ಟಣದ ಕೆಲಸಕ್ಕೆ ಎದುರಾಗಿ ಬೆಂಗಳೂರಿನ ಕೆಲಸವನ್ನು ನಿಲ್ಲಿಸಿದರು. ೨೦೧೪ರ ನವೆಂಬರ್ ೧ರಂದು ನಗರದ ಇಂಗ್ಲೀಷ್ ಹೆಸರು ಬದಲಾಯಿತು. ಆ ಕ್ರಿಯಾಪದದಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.

ಈ ಪದದ ಸ್ವರೂಪವನ್ನು ಗಮನಿಸಬೇಕು. ಇದು ಕರ್ಮಣಿ ಪ್ರಯೋಗದಲ್ಲಿಯೇ ಬರುತ್ತದೆ. ಸೋತವನಿಗೆ ಇದರಲ್ಲಿ ಸ್ಥಾನವಿದೆ. ಗೆದ್ದವನು ಯಾರೆಂಬುದು ಇಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ದುಡಿದ ನಮ್ಮ ತರುಣನು ಆ ಅಮೆರಿಕದವನ ಮುಖವನ್ನು ಕಂಡವನಲ್ಲ. ಅವನ ಅನ್ನ ತೆಗೆಯಬೇಕೆಂದು ಹೊರಟವನೂ ಅಲ್ಲ. ಜಾಣತನದಲ್ಲಿ ಮೀರಿಸಿದನೋ, ಕಡಿಮೆ ಸಂಬಳಕ್ಕೆ ಒಪ್ಪಿದನೋ? ಎರಡೂ ಇದ್ದುವೆಂದು ಹೇಳುವುದೇ ಪ್ರಾಮಾಣಿಕವಾದ ಉತ್ತರ. ಕಡಿಮೆ ದರಕ್ಕೆ ಗೆದ್ದುದು ಇನ್ನೂ ಕಡಿಮೆ ದರದವನು ಬರುವವರೆಗೆ ಮಾತ್ರ ನಿಲ್ಲುತ್ತದೆ. ಇಂದು ಯಂತ್ರದ ಬುದ್ಧಿಯು ತಮ್ಮ ಕೆಲಸವನ್ನು ಕಸಿದುಕೊಂಡೀತೆಂಬ ಶಂಕೆಯು ಅದೇ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೇಳಿಬರುತ್ತಿರುವಾಗ, ಅಂದಿನ ಆ ಪದವನ್ನು ನೆನೆದು ನಗುವ ಮನಸ್ಸು ನಮಗಿಲ್ಲ.

ಆ ಸೀಮೆಯ ಏಳಿಗೆಯನ್ನು ನಾವು ಅಲ್ಲಗಳೆಯುವವರಲ್ಲ. ಆರ್. ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದುದು ೧೯೭೦ರ ದಶಕದ ಕೊನೆಯಲ್ಲಿ. ಕಿರಣ್ ಮಜುಂದಾರ್ ಅವರು ೧೯೭೮ರಲ್ಲಿ ಸ್ಥಾಪಿಸಿದ ಬಯೋಕಾನ್ ಸಂಸ್ಥೆಯು ಕಿಣ್ವಗಳ ತಯಾರಿಕೆಯಿಂದ ಹೊರಟು ಇನ್ಸುಲಿನ್‌ನಂಥ ಔಷಧಗಳವರೆಗೆ ಏರಿತು. ಬೊಮ್ಮಸಂದ್ರ-ಜಿಗಣಿ ಕೂಡುರಸ್ತೆಯಲ್ಲಿ ಹೋಗುವವರು ಅದರ ಕಟ್ಟಡಗಳನ್ನು ಕಾಣಬಹುದು. ತನ್ನನ್ನು ತಾನೇ ಮೀರಿಸಿಕೊಳ್ಳುವುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ೨೦೨೫ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೊ ರೈಲೂ ಬಂದಿತು.

ಆದರೆ ಜಿಗಣಿಯು ಆನೇಕಲ್ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರವೆಂಬುದನ್ನೂ, ರಾಗಿಯ ಹೊಲಗಳೂ ಕೆರೆಗಳೂ ಇದ್ದ ಸೀಮೆ ಅದೆಂಬುದನ್ನೂ ಮರೆಯಲಾಗದು. ಕೇಂದ್ರ ಅಂತರ್ಜಲ ಮಂಡಳಿಯವರು ತಾಲ್ಲೂಕುಗಳನ್ನು ಹೀಗೆ ವಿಂಗಡಿಸುತ್ತಾರೆ: ವರ್ಷದಲ್ಲಿ ಬಳಕೆಗೆ ದೊರೆಯುವ ಅಂತರ್ಜಲದಲ್ಲಿ ನೂರಕ್ಕೆ ೭೦ ಪಾಲಿನವರೆಗೆ ತೆಗೆದರೆ ಕ್ಷೇಮ, ೭೦ರಿಂದ ೯೦ರವರೆಗೆ ಅರೆಸಂಕಟ, ೯೦ರಿಂದ ೧೦೦ರವರೆಗೆ ಸಂಕಟ, ೧೦೦ನ್ನು ಮೀರಿದರೆ ಅತಿಬಳಕೆ. ಆನೇಕಲ್ ತಾಲ್ಲೂಕು ಈ ಕಡೆಯ ವರ್ಗಕ್ಕೆ ಸೇರಿದೆ. ಮಳೆಯು ಕೊಟ್ಟುದಕ್ಕಿಂತ ಹೆಚ್ಚನ್ನು ನೆಲದಿಂದ ಎತ್ತುತ್ತಿದ್ದೇವೆಂದು ಇದರ ಅರ್ಥ. ಇಲ್ಲಿ ಯಾವ ಎದುರಾಳಿಯನ್ನೂ ನಾವು ಮೀರಿಸಿಲ್ಲ, ಮೀರಿದ್ದೇವೆ, ಅಷ್ಟೆ. ಸೋತವರು ಯಾರೆಂದು ಕೇಳಿದರೆ, ಮುಂದೆ ಆ ನೆಲದಲ್ಲಿ ಹುಟ್ಟಬೇಕಾದ ಮಕ್ಕಳೆಂದು ಹೇಳಬೇಕಾಗುತ್ತದೆ.

ಜಿಗಣಿಯು ಕಲ್ಲಿನ ಊರೂ ಹೌದು. ಗ್ರಾನೈಟನ್ನು ಕೊಯ್ದು, ಉಜ್ಜಿ, ಹೊಳಪು ಕೊಟ್ಟು ಮಾರುವ ಕಾರ್ಖಾನೆಗಳೂ ಅಂಗಡಿಗಳೂ ಅಲ್ಲಿ ಸಾಲುಸಾಲಾಗಿವೆ. ಕಲ್ಲಿನ ಮಾತು ಬಂದಲ್ಲಿ ಕನ್ನಡಿಗನಿಗೆ ಜಕಣಾಚಾರಿಯ ನೆನಪಾಗದಿರದು. ಚರಿತ್ರೆಯಲ್ಲವಾದರೂ ಜನರು ಬಾಯಿಂದ ಬಾಯಿಗೆ ಸಾಗಿಸಿಕೊಂಡು ಬಂದ ಕಥೆಯದು. ಬೇಲೂರಿನ ವಿಗ್ರಹದಲ್ಲಿ ದೋಷವಿದೆಯೆಂದು ಪರಸ್ಥಳದಿಂದ ಬಂದ ಹುಡುಗನೊಬ್ಬನು ಹೇಳಿದನು. ದೋಷವನ್ನು ತೋರಿಸಿದರೆ ತನ್ನ ಬಲಗೈಯನ್ನೇ ಕತ್ತರಿಸಿಕೊಳ್ಳುವೆನೆಂದು ಜಕಣಾಚಾರಿಯು ಪಣ ತೊಟ್ಟನು. ಹುಡುಗನು ವಿಗ್ರಹಕ್ಕೆ ಗಂಧವನ್ನು ಬಳಿಯಿಸಿದನು. ಎಲ್ಲೆಡೆಯಲ್ಲಿಯೂ ಒಣಗಿದ ಗಂಧವು ಹೊಕ್ಕುಳಿನ ಬಳಿ ಮಾತ್ರ ಹಸಿಯಾಗಿ ಉಳಿಯಿತು. ಅಲ್ಲಿ ಒಡೆದು ನೋಡಿದರೆ ನೀರು, ಮರಳು, ಒಂದು ಕಪ್ಪೆ. ಜಕಣಾಚಾರಿಯು ನುಡಿದಂತೆ ನಡೆದನು. ಆಮೇಲೆ ತಿಳಿಯಿತು, ಆ ಹುಡುಗನು ಅವನ ಮಗನಾದ ಡಂಕಣನೇ ಎಂದು.

ಮಗನು ತಂದೆಯನ್ನು ಮೀರಿಸಿದನು. ಅವನಿಗೆ ಎದುರಾಳಿಯನ್ನು ಹೊರಗೆ ದೂಡುವ ಉದ್ದೇಶವಿರಲಿಲ್ಲ. ಕಲ್ಲಿನ ಸತ್ಯವು ಹೊರಬರಬೇಕೆಂಬುದಿಷ್ಟೇ ಇದ್ದಿತು. ತಂದೆಯೂ ಸೋಲನ್ನು ಮರೆಮಾಚಲಿಲ್ಲ. ಕೈದಾಳದಲ್ಲಿ ತಂದೆಗೆ ಕೈ ಮರಳಿ ಬಂದಿತೆಂದು ಹೇಳಿ ನಮ್ಮ ಜನರು ಕಥೆಯನ್ನು ಮುಗಿಸುತ್ತಾರೆ. ಮಗನು ಗೆದ್ದ ಕಥೆಯಲ್ಲಿ ತಂದೆಯು ಕೈಯಿಲ್ಲದೆ ಉಳಿಯುವುದು ಅವರಿಗೆ ಸಮ್ಮತವಾಗಲಿಲ್ಲ. 'ಮೀರಿಸು' ಎಂಬ ಪದದಲ್ಲಿ ಅವರು ಏನನ್ನು ಕೇಳುತ್ತಾರೆಂಬುದಕ್ಕೆ ಇದೇ ಸಾಕ್ಷಿ.

ಜಿಗಣಿಯ ನಮ್ಮ ವಾಚಕರಿಗೆ ನಮ್ಮ ಉತ್ತರವಿಷ್ಟು. ಇಂಗ್ಲೀಷ್ ವಾಕ್ಯವು ಸರಿಯಾಗಿಯೇ ಇದೆ. ಕನ್ನಡದಲ್ಲಿ ಅದಕ್ಕೆ ತಕ್ಕ ಪದವೂ ಇದೆ. ಬರೆದವನು ಒಂದು ಅಕ್ಷರವನ್ನು ಬಿಟ್ಟನು. 'ನಿಮ್ಮ ಹಿರಿಯರನ್ನು ಮೀರಿಸಿರಿ' ಎಂದು ತಿದ್ದಿಸತಕ್ಕದ್ದು. ಗೋಡೆಯಲ್ಲಿ ಇನ್ನೂ ಸ್ಥಳವಿದ್ದರೆ 'ಮೇರೆಯನ್ನು ಮೀರದಿರಿ' ಎಂಬುದನ್ನೂ ಸೇರಿಸಬಹುದು. ಅದನ್ನು ಕೆಲಸಗಾರರೊಂದಿಗೆ ಆಡಳಿತದವರೂ ಓದಿಕೊಳ್ಳಲಿ. ಬಣ್ಣ ಬಳಿಯಿಸುವ ಮೊದಲು ಬರೆಹವನ್ನು ಆ ಹಿರಿಯ ಕೆಲಸಗಾರನಿಗೆ ಓದಿ ಹೇಳಿ, ಅವನು ತಲೆದೂಗಿದ ಮೇಲೆಯೇ ಗೋಡೆಗೇರಿಸುವುದು ಉತ್ತಮವೆಂದು ನಮ್ಮ ಸಲಹೆ.